ಒಂಬತ್ತು ಹೊಲಿಗೆಯ ಹಸಿರು

ಮಾರ್ಚ್ 3, ಸೋಮವಾರ

ಯಾರದು ಇದನ್ನು ತೆರೆದದ್ದು? ಇನ್ನೊಬ್ಬರ ಪುಸ್ತಕದಲ್ಲಿ ಮೂಗು ತೂರಿಸಲು ನಾಚಿಕೆಯಾಗುವುದಿಲ್ಲವೇ? ಸೊಸೆಯಾಗಿದ್ದರೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಹೋಗು. ಮಗನಾಗಿದ್ದರೆ, ಶಾಲೆಯ ಪುಸ್ತಕ ಕಂಡರೆ ಓಡಿಹೋಗುತ್ತಿದ್ದವನಿಗೆ ಈಗ ಓದುವ ಚಪಲ ಎಲ್ಲಿಂದ ಬಂತು? ಹೊರಗಿನವರಾಗಿದ್ದರೆ ನಿಮಗೆ ಹೇಳುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ. ಅಕ್ಷರ ಸೊಟ್ಟಗಿದೆ, ಕಣ್ಣು ನೆಟ್ಟಗಿದೆ. ಪುಟಗಳ ನಡುವೆ ಒಂದು ಕರಿ ನೂಲು ಇಟ್ಟಿರುತ್ತೇನೆ. ಅದು ಒಂದು ಕೂದಲೆಳೆ ಸರಿದಿದ್ದರೂ ನನಗೆ ತಿಳಿಯುತ್ತದೆ.

ಈ ವಯಸ್ಸಿನಲ್ಲಿ ಪೆನ್ನು ಹಿಡಿದದ್ದು ಶೋಕಿಗಲ್ಲ. ನನ್ನ ಮಗ ಸಿಟಿ ಬಸ್ಸಿನ ಡ್ರೈವರ್. ಹತ್ತೊಂಬತ್ತು ವರ್ಷ ಓಡಿಸಿದ್ದಾನೆ, ಒಂದು ನಾಯಿಗೂ ತಾಗಿಸಿದವನಲ್ಲ. ಹೋದ ಗುರುವಾರ ನಮ್ಮ ಮನೆಯ ಕೆಳಗಿನ ಸಿಗ್ನಲ್ಲಿನಲ್ಲೇ ಮೊಟ್ಟೆ ಮಾರುವ ಹೆಂಗಸೊಬ್ಬಳಿಗೆ ಅವನ ಬಸ್ಸು ತಾಗಿತು. ಅವಳ ಸೊಂಟದ ಮೂಳೆ ಮುರಿದಿದೆ, ಆಸ್ಪತ್ರೆಯಲ್ಲಿದ್ದಾಳೆ. ಮಗನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಇಪ್ಪತ್ನಾಲ್ಕನೇ ತಾರೀಖು ಡಿಪೋದಲ್ಲಿ ವಿಚಾರಣೆ. ತಪ್ಪು ಇವನದೆಂದಾದರೆ ಲೈಸೆನ್ಸೂ ಹೋಯಿತು, ಕೆಲಸವೂ ಹೋಯಿತು.

"ನನ್ನ ಗಾಡಿಗೆ ಹಸಿರು ದೀಪ ಇತ್ತಮ್ಮ. ಅವಳು ಕೆಂಪಿನಲ್ಲಿ ದಢಕ್ಕಂತ ಅಡ್ಡ ಬಂದ್ಲು" ಎನ್ನುತ್ತಾನೆ.

ಅವಳು, ನಡೆಯುವವರ ಹಸಿರು ದೀಪ ನೋಡಿಯೇ ಕಾಲಿಟ್ಟೆ ಎನ್ನುತ್ತಾಳಂತೆ. ಎಂಥಾ ಸುಳ್ಳಿ. ಆ ಚೌಕದಲ್ಲಿ ಯಾರಾದರೂ ಹಸಿರಿಗೆ ಕಾಯುವುದನ್ನು ನಾನಂತೂ ನೋಡಿಲ್ಲ. ನಾಳೆಯಿಂದ ಕಿಟಕಿಯಲ್ಲಿ ಕೂತು ಒಬ್ಬೊಬ್ಬರನ್ನೂ ಬರೆದಿಡುತ್ತೇನೆ.

ಮಾರ್ಚ್ 4, ಮಂಗಳವಾರ

ನಮ್ಮದು ಎರಡನೇ ಮಹಡಿ. ಕಿಟಕಿಯ ಕೆಳಗೇ ಬಿಳಿ ಪಟ್ಟೆ, ಆ ಕಡೆ ದೀಪದ ಕಂಬ, ಅದರಾಚೆ ಬಸ್ ಸ್ಟಾಪು. ನಾನು ದರ್ಜಿಯ ಅಂಗಡಿಗೆ ಮನೆಯಿಂದಲೇ ಕಾಜಾ ಹೊಲಿದು ಗುಂಡಿ ಹಾಕಿಕೊಡುವವಳು. ಶಾಲೆ ಮಕ್ಕಳ ಅಂಗಿಯ ಗಂಟು ಪಕ್ಕದಲ್ಲಿಟ್ಟುಕೊಂಡು ಕೂತೆ. ಕೈ ಅದರ ಪಾಡಿಗೆ ಹೊಲಿಯುತ್ತದೆ, ಕಣ್ಣು ಬೀದಿಯಲ್ಲಿ.

ತಿಂಡಿಯಿಂದ ಊಟದ ಹೊತ್ತಿನವರೆಗೆ ಕೆಂಪಿನಲ್ಲಿ ದಾಟಿದವರು ನಲವತ್ತೊಂದು ಮಂದಿ. ಕೊಡೆ ಹಿಡಿದ ಗುಮಾಸ್ತ, ಕತ್ತು ಎತ್ತಿಯೂ ನೋಡಲಿಲ್ಲ. ಒಬ್ಬ ದಡಿಯ, ಫೋನಿನಲ್ಲಿ ಯಾರನ್ನೋ ಬೈಯುತ್ತ ಹೋದ. ಬೈಸಿಕೊಂಡವನ ಪುಣ್ಯದಿಂದ ಬದುಕಿಕೊಂಡ. ಬಿಳಿ ಬಟ್ಟೆಯ ನರ್ಸಮ್ಮ, ಜೀವ ಉಳಿಸುವ ಕೆಲಸದವಳು, ಅವಳೂ! ಒಬ್ಬಳು ತಾಯಿ ಮಗುವಿನ ಕೈ ಹಿಡಿದು "ಓಡು ಓಡು" ಎನ್ನುತ್ತ ಎಳೆದುಕೊಂಡು ಹೋದಳು. ಬೆಳೆದ ಮೇಲೆ ಅದು ಸಭ್ಯ ಮನುಷ್ಯನಾಗಬೇಕಂತೆ.

ಈ ಜನಕ್ಕೆ ಏನು ಆತುರ? ಆಚೆ ದಡದಲ್ಲಿ ಏನು ಹಂಚುತ್ತಿದ್ದಾರೆ? ಎಲ್ಲರೂ ಒಟ್ಟಾಗಿ ನನ್ನ ಮಗನನ್ನು ಸಿಕ್ಕಿಸಲೆಂದೇ ಹೀಗೆ ಮಾಡುತ್ತಾರೇನೋ ಎನಿಸಿತು. ಹುಚ್ಚು ಅನುಮಾನವಿರಬಹುದು. ಬರೆದಿಟ್ಟಿದ್ದೇನೆ.

ಮಾರ್ಚ್ 6, ಗುರುವಾರ

ನೂಲು ಸರಿದಿತ್ತು.

ಮಾರ್ಚ್ 7, ಶುಕ್ರವಾರ

ಕೆಂಪಿನವರು ಐವತ್ತೆಂಟು. ಅದಿರಲಿ.

ಸೊಸೆ ಹನ್ನೊಂದು ಗಂಟೆಗೆ ಚೀಲ ಹಿಡಿದು ಹೊರಟಳು. "ಎಲ್ಲಿಗೆ?" ಎಂದೆ.

"ತರಕಾರಿ ತರೋಕೆ ಅತ್ತೆ."

ಚೀಲದಲ್ಲಿ ಊಟದ ಡಬ್ಬಿಯ ಆಕಾರ ಕಾಣುತ್ತಿತ್ತು. ತರಕಾರಿಗೆ ಡಬ್ಬಿ ಯಾಕೆ? ಒಂದೂವರೆ ಗಂಟೆ ಬಿಟ್ಟು ಬಂದಳು, ತರಕಾರಿ ಇಲ್ಲ. ಕೇಳಿದರೆ "ಚೆನ್ನಾಗಿರಲಿಲ್ಲ" ಎಂದಳು. ಊರಿನ ತರಕಾರಿಯೆಲ್ಲ ಒಂದೇ ದಿನ ಕೆಟ್ಟುಹೋಯಿತೇನು? ನಿನ್ನೆಯೂ ಹೀಗೆಯೇ ಹೋಗಿದ್ದಳು. ಗಂಡ ಕೆಲಸವಿಲ್ಲದೆ ಕೂತ ಹೊತ್ತಿನಲ್ಲಿ ಇವಳು ಯಾರಿಗೆ ಊಟ ಒಯ್ಯುತ್ತಿದ್ದಾಳೆ? ಇವನನ್ನು ಬಿಟ್ಟುಹೋಗುವ ಯೋಚನೆ ಇದೆಯೋ ಏನೋ. ನೂಲನ್ನು ಸರಿಸಿದ ಕೈಯೂ ಇದೇ ಇರಬೇಕು.

ಮಗನಿಗೆ ಹೇಳಲಿಲ್ಲ. ಅವನು ಗೋಡೆ ನೋಡುತ್ತ ಕೂತಿರುತ್ತಾನೆ. ಊಟಕ್ಕೆ ಕರೆದರೆ ಬರುತ್ತಾನೆ, ತಿನ್ನುವುದಿಲ್ಲ. ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾನೆ.

ಮಾರ್ಚ್ 10, ಸೋಮವಾರ

ಯೂನಿಯನ್ ಕಾರ್ಯದರ್ಶಿ ಮನೆಗೆ ಬಂದಿದ್ದ. ಬಾಯಿ ತುಂಬ ಹಲ್ಲು, ಮಾತು ತುಂಬ ಎಣ್ಣೆ. ನನ್ನ ಪುಸ್ತಕ ಕಂಡು ಕೈಗೆತ್ತಿಕೊಂಡ. ನಾನು ಕಿತ್ತುಕೊಂಡು, ಕೆಂಪಿನವರ ಲೆಕ್ಕವಿರುವ ಪುಟ ಮಾತ್ರ ತೋರಿಸಿದೆ.

"ಅಜ್ಜಿ, ಇದು ಬಂಗಾರ! ಇಪ್ಪತ್ನಾಲ್ಕಕ್ಕೆ ನೀವೇ ಬಂದು ಓದಿಬಿಡಿ. ಆ ಚೌಕದಲ್ಲಿ ಹಸಿರಿಗೆ ಕಾಯೋರು ಯಾರೂ ಇಲ್ಲ ಅಂತ ಗೊತ್ತಾದ್ರೆ ಸಾಕು, ಆ ಹೆಂಗಸಿನ ಮಾತಿಗೆ ಬೆಲೆನೇ ಇರಲ್ಲ. ಅವಳದ್ದೇ ತಪ್ಪು ಅಂತ ಆಗುತ್ತೆ, ಪರಿಹಾರಾನೂ ಕೊಡ್ಬೇಕಾಗಿಲ್ಲ."

ಮಗನ ಕಡೆ ತಿರುಗಿ "ನಾನು ಹೇಳಿಕೊಟ್ಟದ್ದು ನೆನಪಿದೆ ತಾನೇ?" ಎಂದ.

ಮಗ ತಲೆ ಬಗ್ಗಿಸಿದ.

ನನ್ನ ಕೈಯ ಸೂಜಿ ನಿಂತಿತು. ನಡೆದದ್ದನ್ನು ಹೇಳುವವನಿಗೆ ಯಾರಾದರೂ ಯಾಕೆ ಹೇಳಿಕೊಡಬೇಕು? ಇವನು ಸಣ್ಣವನಿದ್ದಾಗಲೂ ಹಾಗೆ, ಏನಾದರೂ ಒಡೆದಿದ್ದರೆ ಕಾಲಿನ ಹೆಬ್ಬೆರಳು ನೋಡುತ್ತ ನಿಲ್ಲುತ್ತಿದ್ದ. ಇವತ್ತು ಹೆಬ್ಬೆರಳನ್ನೇ ನೋಡುತ್ತಿದ್ದ.

ಇದನ್ನು ಹೊಡೆದುಹಾಕೋಣ ಎನಿಸುತ್ತಿದೆ. ಇರಲಿ, ಯಾರು ಓದುತ್ತಾರೆ.

ಮಾರ್ಚ್ 12, ಬುಧವಾರ

ಮೇಲಿನಿಂದ ನೋಡಿದರೆ ತಲೆಗಳು ಕಾಣುತ್ತವೆ, ತಲೆಯೊಳಗೆ ಇರುವುದು ಕಾಣುವುದಿಲ್ಲ. ಕೋಲು ಹಿಡಿದು ಕೆಳಗಿಳಿದೆ. ನಮ್ಮ ಕಡೆಯ ದೀಪದ ಕಂಬದ ಬುಡದಲ್ಲಿ ಬೀಗ ರಿಪೇರಿ ಮಾಡುವವನು ಕೂರುತ್ತಾನೆ. ದಿನಕ್ಕೆ ಹತ್ತು ಸಲ ಕೆಂಪಿನಲ್ಲಿ ದಾಟಿ ಎದುರಿನ ನಲ್ಲಿಯಿಂದ ನೀರು ತರುವವನು. ನನ್ನ ಪುಸ್ತಕದಲ್ಲಿ ಹೆಚ್ಚು ಸಲ ಬಂದವನು ಅವನೇ.

"ಏನಯ್ಯಾ, ಕಣ್ಣು ಚೆನ್ನಾಗಿದೆಯಾ?"

"ಬೀಗದೊಳಗಿನ ಸ್ಪ್ರಿಂಗ್ ಕಾಣುತ್ತೆ ಅಜ್ಜಿ."

"ಹಾಗಾದ್ರೆ ತಲೆ ಮೇಲೆ ಅಷ್ಟು ದೊಡ್ಡ ಕೆಂಪು ದೀಪ ಕಾಣಲ್ವಾ?"

ಅವನು ನಕ್ಕ. "ಅದನ್ನ ನೋಡ್ಕೊಂಡೇ ದಾಟೋದು. ನಮಗೆ ಕೆಂಪಿದ್ದಾಗ ಬಸ್ಸು ಬಂದು ಸ್ಟಾಪಲ್ಲಿ ನಿಲ್ಲುತ್ತಾ, ಹಿಂದಿನ ಗಾಡಿಗಳೆಲ್ಲ ಅದರ ಬೆನ್ನಿಗೆ ಅಂಟ್ಕೊಂಡು ನಿಲ್ಲುತ್ವೆ. ಆಗ ನುಗ್ಗಬೇಕು. ನಡೆಯೋರ ದೀಪದಲ್ಲಿ ಹಸಿರು ಮನುಷ್ಯ ಬಂದಾಗ ಪಕ್ಕದ ರಸ್ತೆಯಿಂದ ತಿರುಗೋ ಗಾಡಿಗೂ ಹಸಿರೇ. ನಮ್ಮನ್ನೂ ಬಿಡ್ತಾನೆ, ಅವರನ್ನೂ ಬಿಡ್ತಾನೆ. ಅವನನ್ನ ನಂಬೋದು ಹೆಂಗೆ?"

"ಕಂಬದಲ್ಲಿ ಒತ್ತೋ ಗುಂಡಿ ಇದೆಯಲ್ಲ?"

"ಒತ್ತಿ ನೋಡಿ."

ಒತ್ತಿದೆ. ಮತ್ತೆ ಒತ್ತಿದೆ. ಏನೂ ಆಗಲಿಲ್ಲ. ಜೀವಮಾನವೆಲ್ಲ ಗುಂಡಿ ಹಾಕಿದವಳು ನಾನು, ಇಷ್ಟು ನಿಷ್ಪ್ರಯೋಜಕ ಗುಂಡಿ ನೋಡಿದ್ದು ಇದೇ ಮೊದಲು.

"ಹಸಿರನ್ನ ನಂಬಿದೋರು ಇಲ್ಲಿ ಒಬ್ಬರೇ ಇದ್ರು. ಈಗ ಅವರೂ ಬರ್ತಿಲ್ಲ" ಎಂದ. ಯಾರೆಂದು ಕೇಳುವಷ್ಟರಲ್ಲಿ ಯಾರೋ ಬೀಗ ಹಿಡಿದು ಬಂದರು. ಮಾತು ಬೆಳೆಸಲು ಏನೋ ಕಥೆ ಕಟ್ಟುತ್ತಿದ್ದಾನೆ, ಅಷ್ಟೇ. ನುಣುಪು ನಾಲಿಗೆಯವನು.

ಮಾರ್ಚ್ 13, ಗುರುವಾರ

ಹಸಿರು ಮನುಷ್ಯ ಇರುವುದು ಒಂಬತ್ತು ಹೊಲಿಗೆ. ಇಪ್ಪತ್ತು ಸಲ ಲೆಕ್ಕ ಹಾಕಿದೆ. ಗಡಿಯಾರ ಬೇಕಿಲ್ಲ, ನಲವತ್ತು ವರ್ಷದಿಂದ ನನ್ನ ಕೈಯ ಓಟ ಒಂದೇ.

ಒಂಬತ್ತು ಹೊಲಿಗೆಯಲ್ಲಿ ನಾನು ಈ ಕಿಟಕಿಯಿಂದ ಅಡುಗೆಮನೆಗೂ ಹೋಗಲಾರೆ.

ಮಾರ್ಚ್ 15, ಶನಿವಾರ

ಇವತ್ತು ಸೊಸೆಯನ್ನು ಹಿಡಿದೇಬಿಟ್ಟೆ.

ಅವಳು ಡಬ್ಬಿಯ ಚೀಲ ಹಿಡಿದು ಇಳಿದಳು. ನಾನು ಹಿಂದೆಯೇ ಇಳಿದೆ. ಕೆಳಗೆ ಬರುವಷ್ಟರಲ್ಲಿ ಅವಳು ಆಚೆ ದಡ ಸೇರಿ ಬಸ್ ಸ್ಟಾಪಿನ ಹಿಂದಿನ ಬೀದಿಗೆ ತಿರುಗುತ್ತಿದ್ದಳು. ಇನ್ನು ಕಣ್ಣಿಗೆ ಸಿಗುವುದಿಲ್ಲ. ಸ್ಟಾಪಿನಲ್ಲಿ ಒಂದು ಬಸ್ಸು ನಿಂತಿತ್ತು, ಅದರ ಮುಂದಿನಿಂದ ಸರಸರನೆ ದಾಟಿದೆ. ಯಾವನೋ ಹಾರ್ನ್ ಹೊಡೆದ, ಕೋಲು ಎತ್ತಿ ತೋರಿಸಿದೆ. ಕಂಬದ ಮೇಲೆ ಯಾವ ಬಣ್ಣವಿತ್ತೋ ನೋಡಲು ಪುರುಸೊತ್ತಿರಲಿಲ್ಲ.

ಅವಳು ಹೋದದ್ದು ಆಸ್ಪತ್ರೆಗೆ. ಮೂಳೆ ವಾರ್ಡಿನ ಬಾಗಿಲಲ್ಲಿ ನಿಂತು ಇಣುಕಿದೆ. ಕೊನೆಯ ಮಂಚದಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳೊಬ್ಬಳು ಮಲಗಿದ್ದಾಳೆ, ನನ್ನ ಸೊಸೆ ಅವಳಿಗೆ ಊಟ ಬಡಿಸುತ್ತಿದ್ದಾಳೆ! ನನಗೆ ಎಲ್ಲ ಹೊಳೆಯಿತು. ಇದು ಮೊಟ್ಟೆಯವಳು. ನನ್ನ ಮನೆಯ ಅನ್ನ, ನನ್ನ ಮಗನ ಶತ್ರುವಿಗೆ.

ನನ್ನನ್ನು ಕಂಡು ಸೊಸೆಯ ಕೈಯ ಚಮಚ ಬಿತ್ತು. "ಅತ್ತೆ, ಅವರಿಗೆ ಯಾರೂ ಇಲ್ಲ..."

"ನಿನ್ನ ಹತ್ರ ಮನೆಯಲ್ಲಿ ಮಾತಾಡ್ತೀನಿ" ಎಂದು ಮಂಚದ ಹತ್ತಿರ ಹೋದೆ. "ಏನಮ್ಮಾ, ಸುಳ್ಳು ಹೇಳೋಕೆ ಯಾರು ಹೇಳಿಕೊಟ್ರು ನಿನಗೆ? ಕೆಂಪಿನಲ್ಲಿ ನುಗ್ಗಿದವಳು, ಹಸಿರಿತ್ತು ಅಂತೀಯಂತೆ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಡ್ರೈವರ್ ತಾಯಿ ತಾನೇ? ಕೂತ್ಕೊಳ್ಳಿ. ನಿಂತು ಬೈದ್ರೆ ಮಂಡಿ ನೋವಾಗುತ್ತೆ."

ನಾನು ಕೂರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೂತೆ, ಮಂಡಿ ನೋಯುತ್ತಿತ್ತು.

"ನಿಮ್ಮ ಸೊಸೆ ಏನೋ ಸೇವಾ ಸಂಘದವಳು ಅಂತ ಹೇಳಿದ್ಲು. ಪಾಪ, ಸುಳ್ಳು ಹೇಳೋಕೂ ಬರಲ್ಲ. ಅಳ್ತಾ ಅಳ್ತಾ ಊಟ ಬಡಿಸೋ ಸಂಘ ಯಾವುದಿದೆ? ಮೊದಲನೇ ದಿನಾನೇ ಗೊತ್ತಾಯ್ತು. ಊಟ ಚೆನ್ನಾಗಿತ್ತು, ಸುಮ್ಮನಿದ್ದೆ."

"ನನ್ನ ಮಾತಿಗೆ ಉತ್ತರ ಕೊಡು."

"ಅಕ್ಕಾ, ನನ್ನ ತಲೆ ಮೇಲೆ ಎರಡು ಟ್ರೇ ಮೊಟ್ಟೆ. ಒಂದೊಂದರಲ್ಲಿ ಮೂವತ್ತು. ಅದನ್ನ ಹೊತ್ತು ನುಗ್ಗೋಕಾಗುತ್ತಾ? ಓಡೋಕಾಗುತ್ತಾ? ಎಲ್ಲರೂ ಕೆಂಪಲ್ಲಿ ದಾಟ್ತಾರೆ, ನಾನೊಬ್ಬಳೇ ಹಸಿರಿಗೆ ಕಾಯ್ತಿದ್ದೆ. ಬೇಕಾದ್ರೆ ಬೀಗದವನನ್ನ ಕೇಳಿ, ನನ್ನ ನೋಡಿ ನಗ್ತಿದ್ದ. ಅವತ್ತೂ ಹಸಿರು ಬಂತು, ಇಳಿದೆ. ನಡು ರಸ್ತೆಗೆ ಬರೋಷ್ಟರಲ್ಲಿ ಹೊರಟುಹೋಯ್ತು. ನಿಮ್ಮ ಮಗ ಮೇಲೆ ಕೂತಿದ್ದ. ನಾನು ಅವನನ್ನ ನೋಡಿದೆ, ಅವನೂ ನನ್ನ ನೋಡಿದ. ನೋಡಿದ್ನಲ್ಲ, ಬಿಡ್ತಾನೆ ಅಂದ್ಕೊಂಡೆ."

ವಾಪಸ್ ಬರುತ್ತ ರಸ್ತೆ ದಾಟುವಾಗ ಸೊಸೆ ನನ್ನ ಮೊಣಕೈ ಹಿಡಿದಳು. ಬಿಡಿಸಿಕೊಳ್ಳಬೇಕೆಂದಿದ್ದೆ.

ಮಾರ್ಚ್ 16, ಭಾನುವಾರ

ಕೆಂಪಿನವರನ್ನು ಬರೆಯಲಿಲ್ಲ. ಹೊಲಿಗೆಯೂ ಓಡಲಿಲ್ಲ. ಎರಡು ಅಂಗಿಗೆ ಗುಂಡಿ ತಲೆಕೆಳಗಾಗಿ ಹಾಕಿ ಬಿಚ್ಚಿದೆ.

ಅವಳು ಸುಳ್ಳು ಹೇಳುತ್ತಿರಬಹುದು. ಹಾಸಿಗೆಯಲ್ಲಿರುವವರೆಲ್ಲ ಸತ್ಯವಂತರೇನಲ್ಲ.

ಮಾರ್ಚ್ 18, ಮಂಗಳವಾರ

ಸುಳ್ಳೋ ನಿಜವೋ ಅಳೆದು ನೋಡಬೇಕು. ಸೊಸೆಯನ್ನು ಕರೆದು, "ಒಂದು ಅಗಲ ಪಾತ್ರೆ ತುಂಬ ನೀರು ತಲೆ ಮೇಲಿಟ್ಕೊಂಡು, ಹಸಿರು ಬಂದ ತಕ್ಷಣ ಇಳಿದು ಆ ಕಡೆ ಹೋಗು. ನೀರು ತುಳುಕಬಾರದು, ಓಡಬಾರದು" ಎಂದೆ. ಹುಚ್ಚು ಹಿಡಿಯಿತೇ ಎನ್ನುವಂತೆ ನೋಡಿದಳು, ಆದರೂ ಹೋದಳು. ಬೀಗದವನು ಎರಡೂ ಕೈ ಅಗಲಿಸಿ ತಿರುಗುವ ಗಾಡಿಗಳನ್ನು ತಡೆದು ನಿಂತ. ಅವನಿಗೆ ಯಾರು ಹೇಳಿದ್ದರೋ.

ನಾನು ಮೇಲೆ ಸೂಜಿ ಹಿಡಿದು ಕೂತೆ. ಹಸಿರು ಬಂತು. ಒಂದು, ಎರಡು, ಮೂರು. ಒಂಬತ್ತಕ್ಕೆ ಹಸಿರು ಹೋಯಿತು, ಅವಳು ಸರಿಯಾಗಿ ರಸ್ತೆಯ ನಡುವೆ. ಹನ್ನೊಂದಕ್ಕೆ ಗಾಡಿಗಳಿಗೆ ಹಸಿರು ಬಂತು. ಆಚೆ ಕಲ್ಲು ಮೆಟ್ಟಿದಾಗ ಹದಿನೆಂಟು. ಆ ಏಳು ಹೊಲಿಗೆ ನಾನು ಹೊಲಿದದ್ದು ನೆನಪಿಲ್ಲ, ಅಂಗಿಯ ಜೊತೆ ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

ಅವಳು ಮೆಟ್ಟಿಲು ಹತ್ತಿ ಬಂದಾಗ ಬೈದೆ. "ಇಷ್ಟು ನಿಧಾನಾನಾ? ನನ್ನ ಜೀವ ಬಾಯಿಗೆ ಬಂದಿತ್ತು!"

"ನೀವೇ ಓಡಬೇಡ ಅಂದ್ರಲ್ಲ ಅತ್ತೆ?"

ಹೌದು, ನಾನೇ ಅಂದಿದ್ದೆ.

ಈಗ ಇಬ್ಬರ ಮಾತೂ ನಿಜ. ಮಗನಿಗೂ ಹಸಿರು ಇತ್ತು, ಅವಳಿಗೂ ಹಸಿರು ಇತ್ತು. ಹಾಗಾದರೆ "ದಢಕ್ಕಂತ ಅಡ್ಡ ಬಂದ್ಲು" ಎಂದದ್ದು ಯಾರ ಮಾತು? ಮಗನದೋ, ಹಲ್ಲು ಕಿರಿಯುವ ಕಾರ್ಯದರ್ಶಿಯದೋ?

ಮಾರ್ಚ್ 21, ಶುಕ್ರವಾರ

ಮೂರು ದಿನ ಮಗನ ಬೆನ್ನು ನೋಡುತ್ತ ಕಳೆದೆ. ಇವತ್ತು ಮಧ್ಯಾಹ್ನ ಅವನ ಎದುರಿಗೆ ಮಣೆ ಹಾಕಿಕೊಂಡು ಕೂತೆ.

"ಅವಳು ನಿನಗೆ ಕಂಡಿದ್ಲಾ?"

ಹೆಬ್ಬೆರಳು ನೋಡಿದ.

"ನನ್ನ ಮುಖ ನೋಡಿ ಹೇಳೋ."

"ಕಂಡ್ಲು."

"ಮತ್ತೆ?"

"ಓಡ್ತಾಳೆ ಅಂದ್ಕೊಂಡೆ ಅಮ್ಮ. ಎಲ್ಲರೂ ಓಡ್ತಾರೆ. ಬಸ್ಸು ಒಂಚೂರು ಅಲ್ಲಾಡಿಸಿದ್ರೆ ಸಾಕು, ಜಿಂಕೆ ಥರ ಹಾರಿಹೋಗ್ತಾರೆ. ಹತ್ತೊಂಬತ್ತು ವರ್ಷ ಹಾಗೇ ಓಡಿಸಿದ್ದು. ಅವಳು ಮಾತ್ರ ಓಡಲಿಲ್ಲ. ಟ್ರೇ ಹಿಡ್ಕೊಂಡು ನನ್ನನ್ನೇ ನೋಡ್ತಾ ನಡೀತಿದ್ಲು." ಮುಖ ಮುಚ್ಚಿಕೊಂಡ. "ಕಂಡಿದ್ದು ಹೇಳಬೇಡ, ಹೇಳಿದ್ರೆ ಕೆಲಸ ಉಳಿಯಲ್ಲ ಅಂದ್ರು."

ಬೈಗುಳ ಬಾಯಿವರೆಗೂ ಬಂದಿತ್ತು. ಎಲ್ಲಿ ಹೋಯಿತೋ. ಅವನ ಅಂಗಿಯ ಮೇಲಿನ ಗುಂಡಿ ಸಡಿಲವಾಗಿತ್ತು, ಮೈಮೇಲಿದ್ದಂತೆಯೇ ಎರಡು ಹೊಲಿಗೆ ಹಾಕಿದೆ. ಏನು ಮಾಡು ಎಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ನಿನ್ನೆ ರಾತ್ರಿ ಪುಸ್ತಕ ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಮಲಗಿದ್ದೆ. ನೂಲು ಇಡಲು ಮರೆತಿದ್ದೆ.

ಮಾರ್ಚ್ 24, ಸೋಮವಾರ

ಡಿಪೋದಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂರು ಜನ ಅಧಿಕಾರಿಗಳು. ಒಳಗೆ ಹೋಗುವ ಮೊದಲು ಕಾರ್ಯದರ್ಶಿ ಕಿವಿಯಲ್ಲಿ, "ಅಜ್ಜಿ, ಕೆಂಪಿನ ಲೆಕ್ಕ ಮಾತ್ರ. ಬೇರೆ ಪುರಾಣ ಬೇಡ" ಎಂದ. ಬಾಯಿಂದ ಲವಂಗದ ವಾಸನೆ. ಬೆಳಗಿನ ಹೊತ್ತು ಏನನ್ನು ಮುಚ್ಚಲು ಲವಂಗ ಅಗಿದಿದ್ದನೋ.

ಕೆಂಪಿನ ಲೆಕ್ಕ ಓದಿದೆ. ಕಾರ್ಯದರ್ಶಿ ತಲೆ ಆಡಿಸಿದ. ಪುಟ ತಿರುಗಿಸಿ ಹಸಿರಿನ ಲೆಕ್ಕವನ್ನೂ ಓದಿದೆ. ಅವನ ತಲೆ ನಿಂತಿತು.

ನಡುವಿನ ಅಧಿಕಾರಿಗೆ ನಗು. "ಅಜ್ಜಿ, ಒಂಬತ್ತು ಹೊಲಿಗೆ ಅಂದ್ರೆ ಎಷ್ಟು ಸೆಕೆಂಡು?"

"ನಿಮ್ಮ ಕೈಯಲ್ಲಿ ಗಡಿಯಾರ ಇದೆ, ನನ್ನ ಕೈಯಲ್ಲಿ ಸೂಜಿ ಇದೆ. ನೋಡ್ಕೊಳ್ಳಿ" ಎಂದು ಚೀಲದಿಂದ ಅಂಗಿ ತೆಗೆದೆ. ಹೊಲಿದೆ. ಹತ್ತು ಸೆಕೆಂಡು. ಇನ್ನೊಮ್ಮೆ ಎಂದರು, ಹೊಲಿದೆ. ಹತ್ತು. ಆಮೇಲೆ ನಗಲಿಲ್ಲ. ಒಂದು ಹಾಳೆ ತೆಗೆದು, "ಸಿಗ್ನಲ್ ದೀಪದ ಇಲಾಖೆಯವರು ಹಸಿರು ಇಪ್ಪತ್ತೈದು ಸೆಕೆಂಡು ಇರುತ್ತೆ ಅಂತ ಬರೆದುಕೊಟ್ಟಿದ್ದಾರಲ್ಲ" ಎಂದರು.

ಆಗ ಮಗ ಎದ್ದು ನಿಂತ. ಯಾರೂ ಕರೆದಿರಲಿಲ್ಲ. "ಸಾರ್, ಆಯಮ್ಮ ನನಗೆ ಕಂಡಿದ್ರು. ನಡು ರಸ್ತೆಯಲ್ಲಿದ್ರು. ಓಡ್ತಾರೆ ಅಂದ್ಕೊಂಡು ಗಾಡಿ ಬಿಟ್ಟೆ" ಎಂದ. ಕಾರ್ಯದರ್ಶಿ ಹಣೆ ಚಚ್ಚಿಕೊಂಡ. ಮಗ ಹೆಬ್ಬೆರಳು ನೋಡಲಿಲ್ಲ, ಮೇಜಿನ ಹಿಂದಿನವರ ಮುಖವನ್ನೇ ನೋಡುತ್ತಿದ್ದ.

ಅಧಿಕಾರಿಗಳು ಗುಸುಗುಸು ಮಾತಾಡಿ ವಿಚಾರಣೆಯನ್ನು ಏಪ್ರಿಲ್ ಎರಡಕ್ಕೆ ಹಾಕಿದರು. ಹಸಿರು ನಿಜವಾಗಿ ಹತ್ತೇ ಸೆಕೆಂಡು ಇದ್ದದ್ದಾದರೆ ತಪ್ಪು ದೀಪದ್ದೂ ಹೌದು. ಮಗನಿಗೆ ಬೇರೆ ಶಿಕ್ಷೆ ಇದ್ದರೂ ಕೆಲಸ ಉಳಿಯಬಹುದು, ಮೊಟ್ಟೆಯವಳ ಮಾತೂ ನಿಜವೆಂದಾಗುತ್ತದೆ. ಆದರೆ ಇಲಾಖೆಯವರೇ ಅದನ್ನು ಒಪ್ಪಿ ಬರೆಯಬೇಕು. ಬರೆಯದಿದ್ದರೆ ಇಪ್ಪತ್ತೈದು ಎಂಬ ಅವರ ಹಾಳೆಯೇ ಸತ್ಯ. ಆಗ ಅವಳು ಸುಳ್ಳಿ, ಇವನು ಕಂಡೂ ಕಂಡೂ ಗುದ್ದಿದವನು.

"ಅವರು ಉತ್ತರ ಬರೀತಾರಾ?" ಎಂದು ಕೇಳಿದೆ.

ಅಧಿಕಾರಿ ಕನ್ನಡಕ ಒರೆಸಿಕೊಂಡರು. ಬರೆಯುವುದಿಲ್ಲ ಎಂದೇ ಅದರ ಅರ್ಥ.

ಮಾರ್ಚ್ 25, ಮಂಗಳವಾರ

ದೀಪದ ಇಲಾಖೆಗೆ ಕಾಗದ ಬರೆದೆ. ಸೊಸೆ ಪಕ್ಕದಲ್ಲಿ ಕೂತು ಸೊಟ್ಟ ಅಕ್ಷರ ನೆಟ್ಟಗೆ ಮಾಡಿದಳು. ಅವರು ಕಾಗದ ಸಿಕ್ಕಿಲ್ಲ ಎಂದು ಜಾರಿಕೊಳ್ಳಬಹುದು, ಅದಕ್ಕೆ ಇಲ್ಲಿಯೂ ನಕಲು ಇಟ್ಟಿದ್ದೇನೆ.

ದೀಪದ ಇಲಾಖೆಯ ದೊಡ್ಡವರಿಗೆ,

ಜನ ಯಾಕೆ ಕೆಂಪಿನಲ್ಲಿ ದಾಟುತ್ತಾರೆ ಎಂದು ನೀವು ಎಂದಾದರೂ ಯಾರನ್ನಾದರೂ ಕೇಳಿದ್ದೀರಾ? ನಾನು ಮೂರು ವಾರ ಕಿಟಕಿಯಲ್ಲಿ ಕೂತು ಅವರನ್ನೆಲ್ಲ ಬೈದೆ. ಅವರು ಪೋಲಿಗಳಲ್ಲ. ನಿಮ್ಮ ಹಸಿರು ಅವರನ್ನು ನಡುನೀರಿನಲ್ಲಿ ಕೈಬಿಡುತ್ತದೆ, ಕೆಂಪಿನಲ್ಲಿ ಅವರು ತಮ್ಮ ಕಣ್ಣನ್ನಾದರೂ ನಂಬಬಹುದು. ನಿಮ್ಮನ್ನು ನಂಬಿ ಹಸಿರಿಗೆ ಕಾದವಳು ಇಡೀ ಚೌಕದಲ್ಲಿ ಒಬ್ಬಳೇ. ಅವಳು ಈಗ ಆಸ್ಪತ್ರೆಯಲ್ಲಿದ್ದಾಳೆ.

ಅವಳನ್ನು ಬೀಳಿಸಿದ ಡ್ರೈವರ್‌ನ ತಾಯಿ ನಾನು. ನನ್ನ ಮಗನ ತಪ್ಪನ್ನು ಅವನೇ ಎದ್ದು ನಿಂತು ಹೇಳಿದ್ದಾನೆ, ಅದನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ನಿಮ್ಮ ತಪ್ಪನ್ನು ನೀವು ಹೇಳಿ. ಇಪ್ಪತ್ತೈದು ಎಂದು ಬರೆದ ಮಹಾಶಯ ಎರಡು ಟ್ರೇ ಮೊಟ್ಟೆ ತಲೆಯ ಮೇಲೆ ಹೊತ್ತು ಇಲ್ಲಿ ಒಂದು ಸಲ ದಾಟಿ ತೋರಿಸಲಿ. ಅಥವಾ ಆ ಹಾಳೆ ತಪ್ಪು, ಹಸಿರು ಇರುವುದು ಹತ್ತೇ ಸೆಕೆಂಡು ಎಂದು ಬರೆದು ರುಜು ಹಾಕಲಿ. ಪರಿಶೀಲಿಸುತ್ತೇವೆ, ಗಮನಿಸುತ್ತೇವೆ ಎನ್ನುವ ಮಾತು ಬೇಡ.

ವಿಚಾರಣೆ ಏಪ್ರಿಲ್ ಎರಡಕ್ಕೆ. ಏಪ್ರಿಲ್ ಹುಟ್ಟುವ ಮೊದಲು ಉತ್ತರ ಬರೆಯಿರಿ.